ಕಾಣದ ಕರ, ಕಾಣೆಯಾದ ಹಣ

'ರೈತರು ತೆರಿಗೆ ಕಟ್ಟುವುದಿಲ್ಲ' ಎಂಬ ಮಾತು ಪೇಟೆಯ ಪಡಸಾಲೆಗಳಲ್ಲಿ ಬಹುಕಾಲದಿಂದ ಚಲಾವಣೆಯಲ್ಲಿದೆ. ಕಾಲೇಜು ಮೆಟ್ಟಿಲೇರಿದ ಹಳ್ಳಿಯ ಹುಡುಗರಿಗೂ ಈ ಮಾತು ಹಂಗಿನಂತೆ ಕೇಳಿಸುತ್ತದೆ. ತಮ್ಮ ಮನೆಯವರು ಯಾರದೋ ಅನ್ನವನ್ನು ಪುಕ್ಕಟೆ ಉಣ್ಣುತ್ತಿದ್ದಾರೆಂಬ ಸಂಕೋಚದಿಂದ ಅವರು ತಲೆತಗ್ಗಿಸುವುದುಂಟು. ಕೃಷಿ ಆದಾಯವು ಕೇಂದ್ರದ ಆದಾಯ ತೆರಿಗೆಯ ವ್ಯಾಪ್ತಿಗೆ ಬರುವುದಿಲ್ಲ ಎಂಬುದು ನಿಜ. ಅದರ ಮೇಲೆ ಕರ ಹಾಕುವ ಅಧಿಕಾರವನ್ನು ಸಂವಿಧಾನ ರಾಜ್ಯಗಳಿಗೆ ಬಿಟ್ಟಿದೆ. ಆದರೆ ಆದಾಯ ತೆರಿಗೆಯೊಂದೇ ತೆರಿಗೆಯೆಂದು ತಿಳಿಯುವುದು, ಹೊಳೆಯೊಂದೇ ನೀರು, ಒರತೆ ನೀರಲ್ಲ ಎಂದಂತೆ.

ಅರ್ಧ ಎಕರೆ ಅಡಿಕೆ ತೋಟವಿರುವ ಕುಟುಂಬವೊಂದರ ಒಂದು ವರ್ಷದ ಖರ್ಚನ್ನು ಕಾಗದದ ಮೇಲೆ ಬರೆದು ನೋಡಬೇಕು. ರಸಗೊಬ್ಬರಕ್ಕೆ ಶೇ. 5 ಜಿಎಸ್‌ಟಿ. ಅಂಗಡಿಯಲ್ಲಿ ಸಿಗುವ ಕೀಟನಾಶಕ, ಶಿಲೀಂಧ್ರನಾಶಕಗಳಿಗೆ ಶೇ. 18. ಕಣ ಮಾಡಲು, ಕೊಟ್ಟಿಗೆ ಕಟ್ಟಲು ತಂದ ಸಿಮೆಂಟಿಗೆ 2025ರ ಸೆಪ್ಟೆಂಬರ್‌ವರೆಗೆ ಶೇ. 28, ಆ ಬಳಿಕ ಶೇ. 18. ಮೊಬೈಲ್ ರೀಚಾರ್ಜಿಗೂ ಶೇ. 18. ಪೇಟೆಯ ವ್ಯಾಪಾರಿಯಾದರೆ ತಾನು ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಮಾರುವಾಗ ವಸೂಲಾದ ತೆರಿಗೆಯಲ್ಲಿ ಕಳೆದುಕೊಳ್ಳುತ್ತಾನೆ. ಜಿಎಸ್‌ಟಿ ಪದ್ಧತಿಯ ಸೊಗಸೇ ಅದೆಂದು 2017ರ ಜುಲೈ 1ರಂದು ಅದನ್ನು ಜಾರಿಗೆ ತಂದವರು ಬಣ್ಣಿಸಿದ್ದರು. ಕೃಷಿಕನಿಗೆ ನೋಂದಣಿಯಿಂದ ವಿನಾಯಿತಿ ಇದೆ. ಅದನ್ನು ಉಪಕಾರವೆಂದೇ ಹೇಳಲಾಗುತ್ತದೆ. ನೋಂದಣಿ ಇಲ್ಲದವನು ಕಟ್ಟಿದ್ದನ್ನು ಮರಳಿ ಪಡೆಯಲಾರ. ಗೊಬ್ಬರದ ಚೀಲದಿಂದ ಹಿಡಿದು ನೀರಿನ ಪೈಪಿನವರೆಗೆ ಆತ ತೆತ್ತ ಕರವೆಲ್ಲ ಆತನ ತಲೆಯ ಮೇಲೆಯೇ ಉಳಿಯುತ್ತದೆ. ಬೆಳೆಯ ಬೆಲೆಯನ್ನು ತಾನೇ ನಿರ್ಧರಿಸುವ ಶಕ್ತಿ ಇಲ್ಲದವನು ಅದನ್ನು ಮುಂದಿನವನಿಗೆ ದಾಟಿಸಲಾರ. ಸರಪಳಿಯ ಕೊನೆಯ ಕೊಂಡಿ ಅವನೇ.

ತೆರಿಗೆಯ ಪ್ರಶ್ನೆ ಮಲೆನಾಡಿಗೆ ಹೊಸದಲ್ಲ. ಕೆಳದಿಯ ಶಿವಪ್ಪನಾಯಕ 1645ರಿಂದ 1660ರವರೆಗೆ ಆಳಿದವನು. ಅವನ ಹೆಸರಿನೊಂದಿಗೆ ಇಂದಿಗೂ ಅಂಟಿಕೊಂಡಿರುವ ಪದ 'ಶಿಸ್ತು'. ಈ ಶಿಸ್ತು ಎಂದರೆ ಕವಾಯತಲ್ಲ, ಕಂದಾಯ ನಿರ್ಣಯ. ಭೂಮಿಯನ್ನು ಮಣ್ಣಿನ ಗುಣ ಮತ್ತು ನೀರಿನ ಆಸರೆಯ ಮೇಲೆ ವರ್ಗೀಕರಿಸಿ, ಇಳುವರಿಯನ್ನು ವರ್ಷಗಟ್ಟಲೆ ಗಮನಿಸಿ, ಅಡಿಕೆ ತೋಟಕ್ಕೆ ಮರಗಳ ಎಣಿಕೆಯ ಮೇಲೆ ಕರ ನಿಗದಿ ಮಾಡಿದ ಕ್ರಮ ಅದು. ಅರಸನ ಪಾಲು ಹಗುರವಾಗಿತ್ತೆಂದು ಇದರ ಅರ್ಥವಲ್ಲ. ಫಸಲಿನ ದೊಡ್ಡ ಪಾಲೇ ಅರಮನೆಗೆ ಹೋಗುತ್ತಿತ್ತು. ಆದರೆ ಕರ ಹಾಕುವ ಮೊದಲು ನೆಲವನ್ನು ನೋಡಬೇಕೆಂಬ ತಿಳಿವಳಿಕೆ ಅಲ್ಲಿತ್ತು. ಒಂದೇ ಊರಿನಲ್ಲಿ ಬಯಲ ಗದ್ದೆ ಬೇರೆ, ಮಕ್ಕಿ ಗದ್ದೆ ಬೇರೆ ಎಂಬುದು ದಫ್ತರಕ್ಕೆ ಗೊತ್ತಿತ್ತು.

ಆ ತಿಳಿವಳಿಕೆ ತಪ್ಪಿದಾಗ ಏನಾಯಿತೆಂಬುದಕ್ಕೂ ಇದೇ ನೆಲದಲ್ಲಿ ಸಾಕ್ಷಿ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಇಷ್ಟು ಹಣ ವಸೂಲು ಮಾಡಿಯೇ ತೀರುವುದಾಗಿ ಅಮಲ್ದಾರರು ಶರತ್ತು ಬರೆದುಕೊಡುವ ಪದ್ಧತಿ ನಡೆಯಿತು. ಮಳೆ ಹೆಚ್ಚಾಗಲಿ, ಕೊಳೆ ಬರಲಿ, ಶರತ್ತಿನ ಮೊತ್ತ ಮಾತ್ರ ಇಳಿಯದು. 1830-31ರ ನಗರದ ದಂಗೆ ಹೊತ್ತಿದ್ದು ಇದರಿಂದ. ಮರುವರ್ಷವಲ್ಲ, ಆ 1831ರಲ್ಲಿಯೇ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಗೆ ಹೋಯಿತು. ನೂರು ವರ್ಷ ಕಳೆದು, ಸಿದ್ದಾಪುರ, ಅಂಕೋಲಾಗಳ ರೈತರು ಕರನಿರಾಕರಣೆಯ ಚಳವಳಿಗಿಳಿದು ಜಮೀನು, ದನಕರುಗಳನ್ನು ಜಪ್ತಿಗೆ ಒಡ್ಡಿದರು. ಕರವೆಂದರೇನು, ಅದನ್ನು ಯಾರು, ಯಾರಿಗೆ, ಏತಕ್ಕೆ ತೆರಬೇಕು ಎಂದು ಕೇಳುವ ಹಕ್ಕನ್ನು ಈ ಬೆಟ್ಟದ ಸೀಮೆ ಯಾರಿಂದಲೂ ಕಡ ತರಬೇಕಾಗಿಲ್ಲ.

ಇಂದು ಆ ಪ್ರಶ್ನೆಯನ್ನು ಕೇಳಬೇಕಾದ ಜಾಗ ದೆಹಲಿ. ಕೇಳಬೇಕಾದ ವಿಷಯ ಸೆಸ್.

ಕೇಂದ್ರ ಸರ್ಕಾರ ಸಂಗ್ರಹಿಸುವ ತೆರಿಗೆಗಳಲ್ಲಿ ಒಂದು ಪಾಲನ್ನು ರಾಜ್ಯಗಳಿಗೆ ಹಂಚಬೇಕೆಂಬುದು ಸಂವಿಧಾನದ ವಿಧಿ. 2000ನೇ ಇಸವಿಯ 80ನೇ ತಿದ್ದುಪಡಿಯ ತರುವಾಯ ಬಹುತೇಕ ಎಲ್ಲ ಕೇಂದ್ರ ತೆರಿಗೆಗಳೂ ಈ ಹಂಚಿಕೆಯ ಬುಟ್ಟಿಗೆ ಬಂದವು. ಆದರೆ 270ನೇ ವಿಧಿಯಲ್ಲಿ ಒಂದು ಕಿಂಡಿ ಉಳಿದುಕೊಂಡಿತು: ಸೆಸ್ ಮತ್ತು ಸರ್‌ಚಾರ್ಜುಗಳಿಂದ ಬರುವ ಹಣ ಈ ಬುಟ್ಟಿಗೆ ಸೇರದು. ಸೆಸ್ ಎಂದರೆ ಗೊತ್ತಾದ ಒಂದು ಉದ್ದೇಶಕ್ಕಾಗಿ, ಗೊತ್ತಾದ ಕಾಲದವರೆಗೆ ಎತ್ತುವ ಉಪಕರ. ಊರ ಕೆರೆಯ ಹೂಳೆತ್ತಲು ಮನೆಗಿಷ್ಟು ಎಂದು ವಂತಿಗೆ ಎತ್ತಿದಂತೆ. ವಂತಿಗೆ ಎತ್ತಿದವನು ಕೆರೆಯ ಕಡೆ ಹೋಗದೆ ಮನೆ ಕಡೆ ನಡೆದರೆ ಊರವರು ಸುಮ್ಮನಿರುವರೆ? 2011-12ರಲ್ಲಿ ಕೇಂದ್ರದ ಒಟ್ಟು ತೆರಿಗೆ ಆದಾಯದಲ್ಲಿ ಹತ್ತರಲ್ಲೊಂದು ಪಾಲಿನಷ್ಟಿದ್ದ ಸೆಸ್-ಸರ್‌ಚಾರ್ಜುಗಳು 2020-21ರ ಹೊತ್ತಿಗೆ ಐದರಲ್ಲೊಂದು ಪಾಲಿಗೆ ಮುಟ್ಟಿದ್ದವು. ಹಣಕಾಸು ಆಯೋಗ ರಾಜ್ಯಗಳಿಗೆ ಶೇ. 42 ಕೊಡಿ, ಶೇ. 41 ಕೊಡಿ ಎಂದು ಹೇಳುತ್ತಾ ಇರಲಿ. ಬುಟ್ಟಿಯ ಗಾತ್ರವೇ ಕಿರಿದಾಗುತ್ತ ಹೋದರೆ ಶೇಕಡಾವಾರಿನಿಂದ ಹೊಟ್ಟೆ ತುಂಬುವುದಿಲ್ಲ.

ಡೀಸೆಲ್ ಪಂಪು ಹಿಡಿದವರಿಗೂ ಬೈಕಿಗೆ ಪೆಟ್ರೋಲ್ ಹಾಕಿಸುವ ವಿದ್ಯಾರ್ಥಿಗಳಿಗೂ ಇದು ಅಂಗೈಯ ಹುಣ್ಣಿನಷ್ಟು ಸ್ಪಷ್ಟವಾಗಬೇಕು. 2014ರ ಏಪ್ರಿಲ್‌ನಲ್ಲಿ ಲೀಟರ್ ಪೆಟ್ರೋಲ್ ಮೇಲೆ ಕೇಂದ್ರದ ಅಬಕಾರಿ ಸುಂಕ 9 ರೂಪಾಯಿ 48 ಪೈಸೆ, ಡೀಸೆಲ್ ಮೇಲೆ 3 ರೂಪಾಯಿ 56 ಪೈಸೆ ಇತ್ತು. ಕಚ್ಚಾತೈಲದ ಬೆಲೆ ಜಗತ್ತಿನಲ್ಲಿ ಕುಸಿದಾಗಲೆಲ್ಲ ಸುಂಕ ಏರಿತು. ಲಾಕ್‌ಡೌನಿನ ನಡುವೆ, 2020ರ ಮೇ ತಿಂಗಳಲ್ಲಿ, ಪೆಟ್ರೋಲಿಗೆ 10 ರೂಪಾಯಿ, ಡೀಸೆಲಿಗೆ 13 ರೂಪಾಯಿ ಒಂದೇ ಏಟಿಗೆ ಸೇರಿಸಲಾಯಿತು. 2021ರ ಫೆಬ್ರವರಿಯಲ್ಲಿ ಪೆಟ್ರೋಲಿನ ಸುಂಕ ಒಟ್ಟು 32 ರೂಪಾಯಿ 90 ಪೈಸೆ. ಅದನ್ನು ಬಿಡಿಸಿ ನೋಡಿದರೆ ರಸ್ತೆ ಮತ್ತು ಮೂಲಸೌಕರ್ಯ ಸೆಸ್ 18 ರೂಪಾಯಿ, ವಿಶೇಷ ಹೆಚ್ಚುವರಿ ಸುಂಕ 11 ರೂಪಾಯಿ, ಕೃಷಿ ಮೂಲಸೌಕರ್ಯ ಸೆಸ್ 2 ರೂಪಾಯಿ 50 ಪೈಸೆ. ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದ ಮೂಲ ಸುಂಕ ಎಷ್ಟು? 1 ರೂಪಾಯಿ 40 ಪೈಸೆ! ಡೀಸೆಲಿನ 31 ರೂಪಾಯಿ 80 ಪೈಸೆಯಲ್ಲಿ ಹಂಚಿಕೆಗೆ ಬಂದದ್ದು 1 ರೂಪಾಯಿ 80 ಪೈಸೆ. 2021ರ ನವೆಂಬರ್ ಮತ್ತು 2022ರ ಮೇ ತಿಂಗಳಲ್ಲಿ ಸುಂಕ ಇಳಿಯಿತೆಂಬುದು ನಿಜ. ಆದರೆ ಹಣ ಯಾರ ಕಿಸೆಗೆ ಹೋಗಬೇಕೆಂದು ಬರೆದ ಲೆಕ್ಕದ ವಿನ್ಯಾಸ ಇಳಿಕೆಯೊಂದಿಗೆ ಬದಲಾಗಲಿಲ್ಲ. ರಾಜ್ಯ ಸರ್ಕಾರವೇನೂ ಸಾಧುವಲ್ಲ. 2024ರ ಜೂನ್‌ನಲ್ಲಿ ಕರ್ನಾಟಕವೂ ಇಂಧನದ ಮಾರಾಟ ತೆರಿಗೆಯನ್ನು ಏರಿಸಿತು.

ಪರಿಸರದ ಕಾಳಜಿಯುಳ್ಳ ಕೆಲವರು ಇಲ್ಲಿ ಅಡ್ಡ ಬರುತ್ತಾರೆ. ಇಂಧನದ ಮೇಲಿನ ತೆರಿಗೆ ಒಳ್ಳೆಯದೇ ಅಲ್ಲವೆ, ಹೊಗೆ ಕಡಿಮೆಯಾಗುವುದಲ್ಲವೆ ಎನ್ನುತ್ತಾರೆ. ಈ ವಾದವನ್ನು ತಳ್ಳಿಹಾಕುವಂತಿಲ್ಲ, ಆದರೆ ಅರ್ಧಕ್ಕೇ ಬಿಡುವಂತೆಯೂ ಇಲ್ಲ. ತೆರಿಗೆ ಹೊಗೆಯನ್ನು ತಗ್ಗಿಸಬೇಕಾದರೆ ತೆರುವವನಿಗೆ ಇನ್ನೊಂದು ದಾರಿ ಇರಬೇಕು. ಬೆಂಗಳೂರಿನಲ್ಲಿ ಕಾರು ಬಿಟ್ಟು ಮೆಟ್ರೊ ಹತ್ತಬಹುದು. ದಿನಕ್ಕೆರಡೇ ಬಸ್ಸು ಬರುವ, ಮಳೆಗಾಲದಲ್ಲಿ ಅದೂ ನಿಲ್ಲುವ ಘಟ್ಟದ ಊರಿನವನು ಏನನ್ನು ಬಿಟ್ಟು ಏನನ್ನು ಹತ್ತಬೇಕು? ಅವನ ಜೀಪು, ಅವನ ಗೊಬ್ಬರದ ಲಾರಿ, ಆಸ್ಪತ್ರೆಗೆ ಒಯ್ಯುವ ಬಾಡಿಗೆ ಓಮ್ನಿ, ಎಲ್ಲವೂ ಓಡಲೇಬೇಕು. ವಸೂಲಾದ ಹಣದಿಂದ ಆ ಊರಿಗೆ ಬಸ್ಸು ಬಂದರೆ ಅದು ಪರಿಸರ ತೆರಿಗೆ. ಬೆಟ್ಟ ಸೀಳಿ ಚತುಷ್ಪಥ ಹೆದ್ದಾರಿ ಬಂದರೆ ಅದಕ್ಕೆ ಬೇರೆ ಹೆಸರನ್ನೇ ಹುಡುಕಬೇಕು. 18 ರೂಪಾಯಿಯ ಆ ದೊಡ್ಡ ಸೆಸ್ಸಿನ ಹೆಸರಿನಲ್ಲೇ ರಸ್ತೆ ಇತ್ತು ಎಂಬುದನ್ನು ಮರೆಯಬಾರದು.

ಪರಿಸರದ ಹೆಸರಿನಲ್ಲೇ ಎತ್ತಿದ ಕರವೊಂದು ಈ ದೇಶದಲ್ಲಿ ಇತ್ತು. ಅದರ ಕಥೆಯನ್ನು ಪೂರ್ತಿಯಾಗಿ ಹೇಳಬೇಕು, ಏಕೆಂದರೆ ಇಡೀ ವ್ಯವಸ್ಥೆಯ ಜಾತಕ ಅದರಲ್ಲಿದೆ.

2010ರ ಜುಲೈನಲ್ಲಿ ಕೇಂದ್ರವು ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿಯ ಶುದ್ಧ ಇಂಧನ ಸೆಸ್ ಹಾಕಿತು. ಅದರಿಂದ ರಾಷ್ಟ್ರೀಯ ಶುದ್ಧ ಇಂಧನ ನಿಧಿ ಹುಟ್ಟಿತು. ಸೌರ, ಪವನ ಶಕ್ತಿಗಳ ಸಂಶೋಧನೆಗೆ, ಹೊಸ ಯೋಜನೆಗಳಿಗೆ ಅದನ್ನು ಬಳಸುವ ಸಂಕಲ್ಪ ಪ್ರಕಟವಾಯಿತು. 2014ರಲ್ಲಿ ಸೆಸ್ 100 ರೂಪಾಯಿ, 2015ರಲ್ಲಿ 200, 2016ರಲ್ಲಿ 400 ಆಯಿತು. ಜಗತ್ತಿನ ಹವಾಮಾನ ಸಮಾವೇಶಗಳಲ್ಲಿ ಇದನ್ನು ಭಾರತದ ಇಂಗಾಲದ ತೆರಿಗೆಯೆಂದು ಹೆಮ್ಮೆಯಿಂದ ತೋರಿಸಲಾಯಿತು. 2010-11ರಿಂದ 2017-18ರವರೆಗೆ ಹೀಗೆ ಸಂಗ್ರಹವಾದದ್ದು ಸುಮಾರು 86,440 ಕೋಟಿ ರೂಪಾಯಿ. ನಿಧಿಗೆ ವರ್ಗವಾದದ್ದು ಸುಮಾರು 29,645 ಕೋಟಿ. ಅದರಲ್ಲೂ ಯೋಜನೆಗಳಿಗೆ ಮುಟ್ಟಿದ್ದು ಸುಮಾರು 15,900 ಕೋಟಿ. ನೂರು ರೂಪಾಯಿ ಎತ್ತಿ, ಹುಂಡಿಗೆ ಮೂವತ್ನಾಲ್ಕು ಹಾಕಿ, ಕೆಲಸಕ್ಕೆ ಹದಿನೆಂಟು ಕೊಟ್ಟ ಲೆಕ್ಕವಿದು. ಊರ ದೇವಸ್ಥಾನದ ಮೊಕ್ತೇಸರ ಇಂಥ ಲೆಕ್ಕವನ್ನು ಸಭೆಯಲ್ಲಿ ಓದಿದ್ದರೆ ಮರುದಿನ ಬೇರೆ ಮೊಕ್ತೇಸರನಿರುತ್ತಿದ್ದ.

2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ ರದ್ದಾಯಿತು. ಟನ್ನಿಗೆ 400 ರೂಪಾಯಿ ಮಾತ್ರ ರದ್ದಾಗಲಿಲ್ಲ. ಅದು ಹೆಸರು ಬದಲಿಸಿ ಜಿಎಸ್‌ಟಿ ಪರಿಹಾರ ಸೆಸ್ ಆಯಿತು. ಹೊಸ ಪದ್ಧತಿಯಿಂದ ರಾಜ್ಯಗಳಿಗಾಗುವ ನಷ್ಟ ತುಂಬಲು ಅದರ ಹಣ ಹೋಯಿತು. ಶುದ್ಧ ಇಂಧನ, ಶುದ್ಧ ಪರಿಸರ ಎಂಬ ಮಾತುಗಳೆಲ್ಲ ಕಡತದಿಂದ ಜಾರಿಬಿದ್ದವು. 2022ಕ್ಕೆ ಮುಗಿಯಬೇಕಿದ್ದ ಪರಿಹಾರ ಸೆಸ್ಸನ್ನು, ಕೋವಿಡ್ ಕಾಲದಲ್ಲಿ ರಾಜ್ಯಗಳಿಗಾಗಿ ಎತ್ತಿದ ಸಾಲ ತೀರಿಸುವ ಕಾರಣದಿಂದ ಮುಂದುವರಿಸಲಾಯಿತು. ರಾಜ್ಯಗಳಿಗೆ ಹಣ ಸಿಕ್ಕಿತಲ್ಲ ಎಂದು ಸಮಾಧಾನ ಪಡಬಹುದು. ಕಲ್ಲಿದ್ದಲ ಬೂದಿ ಬೀಳುವ ಗದ್ದೆಯ ಒಡೆಯನಿಗೆ ಆ ಸಮಾಧಾನ ಸಾಲದು.

2025ರ ಸೆಪ್ಟೆಂಬರ್ 22ರ ಸುಧಾರಣೆಯೊಂದಿಗೆ ಕಥೆ ಇನ್ನೊಂದು ತಿರುವು ಪಡೆಯಿತು. ಆ ಸುಧಾರಣೆಯಲ್ಲಿ ಒಳ್ಳೆಯದೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಹನಿ ಮತ್ತು ತುಂತುರು ನೀರಾವರಿ ಉಪಕರಣ, ಹನ್ನೆರಡು ಬಗೆಯ ಜೈವಿಕ ಪೀಡೆನಾಶಕಗಳು, ಸೌರ ಸಾಧನಗಳು, ಇವೆಲ್ಲ ಶೇ. 12ರಿಂದ ಶೇ. 5ಕ್ಕೆ ಇಳಿದವು. (ಸೌರ ಸಾಧನಗಳಿಗೆ ಮೊದಲು ಶೇ. 5 ಇದ್ದು, 2021ರಲ್ಲಿ ಅದನ್ನು ಶೇ. 12ಕ್ಕೆ ಏರಿಸಿದವರೂ ಇವರೇ.) ಕಲ್ಲಿದ್ದಲಿನ ವಿಷಯದಲ್ಲಿ ನಡೆದದ್ದು ಇಷ್ಟು: ಟನ್ನಿಗೆ 400 ರೂಪಾಯಿಯ ಸೆಸ್ ತೆಗೆದರು, ಜಿಎಸ್‌ಟಿಯನ್ನು ಶೇ. 5ರಿಂದ ಶೇ. 18ಕ್ಕೆ ಏರಿಸಿದರು. ಕಲ್ಲಿದ್ದಲಿಗೆ ಶೇ. 18 ತೆರಿಗೆ ಬಿತ್ತೆಂದು ಮೇಲ್ನೋಟಕ್ಕೆ ಪರಿಸರವಾದಿಗಳು ಸಂತೋಷಪಡಬೇಕು. ಲೆಕ್ಕ ಹಾಕಿದರೆ ಸಂತೋಷ ಉಳಿಯದು. ಟನ್ನಿಗೆ 4,000 ರೂಪಾಯಿ ಬೆಲೆಯ ಉತ್ತಮ ದರ್ಜೆಯ ಕಲ್ಲಿದ್ದಲಿಗೆ ಮೊದಲು 200 ಮತ್ತು 400 ಸೇರಿ 600 ರೂಪಾಯಿ ತೆರಿಗೆ ಬೀಳುತ್ತಿತ್ತು, ಈಗ 720 ಬೀಳುತ್ತದೆ. ಟನ್ನಿಗೆ 1,500 ರೂಪಾಯಿ ಬೆಲೆಯ ಕೀಳು ದರ್ಜೆಯದಕ್ಕೆ ಮೊದಲು 75 ಮತ್ತು 400 ಸೇರಿ 475 ಇತ್ತು, ಈಗ 270. ಬೆಲೆ ಸುಮಾರು 3,077 ರೂಪಾಯಿಗಿಂತ ಕೆಳಗಿರುವ ಕಲ್ಲಿದ್ದಲಿಗೆಲ್ಲ ತೆರಿಗೆ ಇಳಿದಿದೆ.

ತೂಕಕ್ಕೆ ಹಾಕುವ ಕರಕ್ಕೂ ಬೆಲೆಗೆ ಹಾಕುವ ಕರಕ್ಕೂ ಇರುವ ಅಂತರ ಇಲ್ಲಿದೆ. ಅಗ್ಗದ ಕಲ್ಲಿದ್ದಲು ಅಗ್ಗವಾಗಿರುವುದು ಅದರಲ್ಲಿ ಬೂದಿ ಹೆಚ್ಚು, ಶಾಖ ಕಡಿಮೆ ಎಂಬ ಕಾರಣಕ್ಕೆ. ಒಂದು ಯೂನಿಟ್ ವಿದ್ಯುತ್ತಿಗೆ ಅದನ್ನು ಹೆಚ್ಚು ಅಗೆಯಬೇಕು, ಹೆಚ್ಚು ಸಾಗಿಸಬೇಕು, ಹೆಚ್ಚು ಸುಡಬೇಕು. ಉಳಿಯುವ ಬೂದಿಯೂ ಹೆಚ್ಚು. ಭೂಮಿಯಿಂದ ಕಿತ್ತ ತೂಕದ ಮೇಲೆ ಕರವಿದ್ದಾಗ ಈ ಕೀಳು ಸರಕಿಗೆ ಪ್ರತಿ ಯೂನಿಟ್ಟಿನ ಹೊರೆ ಹೆಚ್ಚಾಗಿ ಬೀಳುತ್ತಿತ್ತು, ಅದು ನ್ಯಾಯವೂ ಆಗಿತ್ತು. ಬೆಲೆಯ ಮೇಲಿನ ಕರ ಆ ನ್ಯಾಯವನ್ನು ತಲೆಕೆಳಗು ಮಾಡಿದೆ. ಹೊಲದ ಕಸವನ್ನೂ ಬೆಳೆಯನ್ನೂ ಒಂದೇ ತಕ್ಕಡಿಗೆ ಹಾಕಬಾರದೆಂಬ ಬುದ್ಧಿ ಶಿವಪ್ಪನಾಯಕನ ಶಾನುಭೋಗರಿಗಿತ್ತು.

ತೆರಿಗೆಗೆ ಒಳ್ಳೆಯದನ್ನು ಕೆಟ್ಟದ್ದರಿಂದ ಬೇರ್ಪಡಿಸಿ ನೋಡುವ ಶಕ್ತಿ ಇಲ್ಲವೆಂದು ಯಾರೂ ಹೇಳಲಾಗದು. ಹಾಳೆ ತಟ್ಟೆಯನ್ನೇ ನೋಡಬಹುದು. ಎಲೆ, ಹೂವು, ತೊಗಟೆಗಳಿಂದ ಮಾಡಿದ ತಟ್ಟೆ ಬಟ್ಟಲುಗಳ ಮೇಲಿದ್ದ ಶೇ. 5 ತೆರಿಗೆಯನ್ನು 2019ರ ಅಕ್ಟೋಬರ್‌ನಿಂದ ಪೂರ್ತಿ ತೆಗೆಯಲಾಯಿತು. ಮನಸ್ಸಿದ್ದರೆ ದಾರಿ ಅಷ್ಟು ಸುಲಭ. ತಟ್ಟೆಯ ವಿಷಯದಲ್ಲಿ ಕಂಡ ವಿವೇಕ ಕಲ್ಲಿದ್ದಲಿನ ವಿಷಯದಲ್ಲಿ ಏಕೆ ಕುರುಡಾಗುತ್ತದೆ ಎಂಬುದಕ್ಕೆ ಉತ್ತರ ಅರ್ಥಶಾಸ್ತ್ರದಲ್ಲಿ ಸಿಗದು.

ಕಲ್ಲಿದ್ದಲಿನ ಸೆಸ್ ಒಂಟಿ ಪ್ರಕರಣವೂ ಅಲ್ಲ. 2018-19ರಲ್ಲಿ 35 ಬಗೆಯ ಸೆಸ್ ಮತ್ತಿತರ ಲೆವಿಗಳಿಂದ ಬಂದ ಸುಮಾರು 2.74 ಲಕ್ಷ ಕೋಟಿ ರೂಪಾಯಿಯಲ್ಲಿ ಆಯಾ ನಿಧಿಗಳಿಗೆ ಸೇರಿದ್ದು ಸುಮಾರು 1.64 ಲಕ್ಷ ಕೋಟಿ ಮಾತ್ರವೆಂದು ಮಹಾಲೇಖಪಾಲರೇ ಬರೆದಿದ್ದಾರೆ. ಉಳಿದದ್ದು ಸಂಚಿತ ನಿಧಿಯಲ್ಲಿ ಕರಗಿತು.

ಇನ್ನು ಕಾಡಿನ ಪಾಲು. ಕಾಡನ್ನು ಉಳಿಸಿಕೊಂಡ ರಾಜ್ಯಕ್ಕೆ ತೆರಿಗೆ ಹಂಚಿಕೆಯಲ್ಲಿ ಹೆಚ್ಚಿನ ಪಾಲು ಸಿಗಬೇಕೆಂಬ ತತ್ತ್ವವನ್ನು 14ನೇ ಹಣಕಾಸು ಆಯೋಗ ಮೊದಲ ಬಾರಿಗೆ ಹಂಚಿಕೆಯ ಸೂತ್ರದಲ್ಲೇ ಸೇರಿಸಿ, ಅದಕ್ಕೆ ಶೇ. 7.5 ತೂಕ ಕೊಟ್ಟಿತು. 2021-26ರ ಅವಧಿಯ 15ನೇ ಆಯೋಗ ಅದನ್ನು ಶೇ. 10ಕ್ಕೆ ಏರಿಸಿತು. ತತ್ತ್ವ ಸರಿ, ಅಳತೆಗೋಲು ಸರಿಯಿಲ್ಲ. ಲೆಕ್ಕಕ್ಕೆ ಹಿಡಿದದ್ದು ದಟ್ಟ ಕಾಡನ್ನು, ಅಂದರೆ ಉಪಗ್ರಹದ ಕಣ್ಣಿಗೆ ಕಾಣುವ ಮರದ ಮೇಲ್ಛಾವಣಿಯನ್ನು. ಭಾರತೀಯ ಅರಣ್ಯ ಸಮೀಕ್ಷೆಯ ಪದ್ಧತಿಯಲ್ಲಿ ಒಂದು ಹೆಕ್ಟೇರಿಗಿಂತ ದೊಡ್ಡದಾದ, ಶೇ. 10ಕ್ಕಿಂತ ಹೆಚ್ಚು ನೆರಳಿರುವ ಯಾವ ತಾಣವೂ ಅರಣ್ಯ ಹೊದಿಕೆಯೇ, ಅದರ ಒಡೆತನ ಯಾರದೇ ಇರಲಿ, ಬೆಳೆದದ್ದು ಏನೇ ಇರಲಿ. ಹೀಗಾಗಿ ಅಕೇಶಿಯಾ ನೆಡುತೋಪು ಕಾಡೆನಿಸಿಕೊಳ್ಳುತ್ತದೆ. ಕುದುರೆಮುಖ, ಬಾಬಾಬುಡನ್‌ಗಿರಿಗಳ ಹುಲ್ಲುಗಾವಲು ಕಾಡಲ್ಲ! ಮುಂಗಾರಿನ ನೀರನ್ನು ಹೀರಿ ಬೇಸಿಗೆಯವರೆಗೆ ತುಂಗೆ ಭದ್ರೆಯರಿಗೆ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುವ ಶೋಲಾ-ಹುಲ್ಲುಗಾವಲಿನ ಜೋಡಿಯಲ್ಲಿ ಹುಲ್ಲಿಗೆ ಸೊನ್ನೆ ಅಂಕ. ತರಗೆಲೆ, ಸೊಪ್ಪು ಕೊಟ್ಟು ತೋಟವನ್ನು ಸಾಕುವ ಬೆಟ್ಟ ಭೂಮಿ ಸ್ವಲ್ಪ ತೆಳುವಾದರೂ ಲೆಕ್ಕದಿಂದ ಹೊರಗೆ.

ಅಳತೆಗೋಲು ಸರಿಯಾದರೂ ಹಣ ಎಲ್ಲಿಗೆ ಬರುತ್ತದೆ? ಕಾಡಿನ ಹೆಸರಿನಲ್ಲಿ ಬಂದ ಪಾಲು ಬೆಂಗಳೂರಿನ ಬೊಕ್ಕಸಕ್ಕೆ ಸೇರಿ ಅಲ್ಲಿನ ಸಾವಿರ ಬೇಡಿಕೆಗಳೊಂದಿಗೆ ಬೆರೆಯುತ್ತದೆ. ಆ ಕಾಡಿನ ಅಂಚಿನಲ್ಲಿ ಮಂಗ, ಕಾಡುಹಂದಿ, ಕಾಡೆಮ್ಮೆಗಳಿಗೆ ಫಸಲಿನ ಪಾಲು ತೆತ್ತವನ ಗ್ರಾಮ ಪಂಚಾಯತಿಗೆ ಇಂತಿಷ್ಟು ಎಂಬ ಕಟ್ಟುಪಾಡಿಲ್ಲ. ದೆಹಲಿ ರಾಜ್ಯಕ್ಕೆ ಮಾಡಿದ್ದನ್ನೇ ರಾಜ್ಯ ಹಳ್ಳಿಗೆ ಮಾಡುತ್ತದೆ. ಆಗ ಮಾತ್ರ ಒಕ್ಕೂಟ ತತ್ತ್ವದ ಭಾಷಣ ಕೇಳಿಸುವುದಿಲ್ಲ. 2024ರ ಜುಲೈನಲ್ಲಿ ಹೊರಬಿದ್ದ ಕರಡು ಅಧಿಸೂಚನೆ ಪಶ್ಚಿಮಘಟ್ಟದ 56,825 ಚದರ ಕಿಲೋಮೀಟರನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಗುರುತಿಸಿತು, ಅದರಲ್ಲಿ ಕರ್ನಾಟಕದ್ದು 20,668. ಬೇಕು-ಬೇಡಗಳ ಗಲಾಟೆ ಬಹಳವಾಯಿತು. ಈ ನೆಲ ನಾಡಿಗೆಲ್ಲ ಕೊಡುವ ನೀರಿಗೆ, ಗಾಳಿಗೆ ನಾಡು ಏನು ತೆರುತ್ತದೆಂದು ಕೇಳಿದವರು ವಿರಳ. ಆ ಪ್ರಶ್ನೆಗೆ ಖಚಿತ ಉತ್ತರ ಸಿಕ್ಕಿದ್ದರೆ ವಿರೋಧಿಸಿದ ಎಷ್ಟೋ ಕೃಷಿಕರ ನಿಲುವು ಬೇರೆಯಾಗಿರುತ್ತಿತ್ತು.

ಹಣವಿಲ್ಲ ಎಂಬ ಉತ್ತರ ಬರುವುದು ಖಂಡಿತ. ಹಣವನ್ನು ಬಿಟ್ಟುಕೊಟ್ಟವರಿಂದ ಆ ಮಾತು ಬರಬಾರದು. ಆಸ್ತಿ ಬಿಟ್ಟುಹೋದವರ ಮೇಲಿನ ಎಸ್ಟೇಟ್ ಸುಂಕವನ್ನು 1985ರಲ್ಲಿ ತೆಗೆದರು. ಸಂಪತ್ತಿನ ತೆರಿಗೆಯನ್ನು 2015ರಲ್ಲಿ ತೆಗೆದರು; ಬರುವ ಹಣಕ್ಕಿಂತ ವಸೂಲಿಯ ಖರ್ಚು, ತಾಪತ್ರಯ ಹೆಚ್ಚು ಎಂಬುದು ಕೊಟ್ಟ ಕಾರಣ. 2019ರ ಸೆಪ್ಟೆಂಬರ್‌ನಲ್ಲಿ ಕಂಪನಿಗಳ ತೆರಿಗೆಯ ಮೂಲ ದರವನ್ನು ಶೇ. 22ಕ್ಕೂ, ಹೊಸ ತಯಾರಿಕಾ ಕಂಪನಿಗಳಿಗೆ ಶೇ. 15ಕ್ಕೂ ಇಳಿಸಿದಾಗ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಆದಾಯ ಬಿಟ್ಟಂತಾಗುತ್ತದೆಂದು ಸರ್ಕಾರವೇ ಅಂದಾಜಿಸಿತ್ತು. ಎಂಟು ತಿಂಗಳು ಕಳೆದು ಡೀಸೆಲಿಗೆ 13 ರೂಪಾಯಿ ಏರಿತು. ಒಂದು ತೂಬು ಮುಚ್ಚಿದವರು ಇನ್ನೊಂದನ್ನು ತೆರೆದರು, ಅಷ್ಟೆ. ನೀರು ಹರಿದದ್ದು ಯಾರ ಗದ್ದೆಯಿಂದ ಎಂಬುದನ್ನು ನೋಡಬೇಕು.

ಆದುದರಿಂದ ಕೇಳಬೇಕಾದದ್ದು ತೆರಿಗೆ ಇಳಿಸಿರೆಂದಲ್ಲ, ತೆರಿಗೆಯ ದಿಕ್ಕನ್ನು ತಿರುಗಿಸಿರೆಂದು. ಕಲ್ಲಿದ್ದಲು, ಅದಿರು, ಜಲ್ಲಿ, ಮರಳು, ಏನನ್ನು ನೆಲದಿಂದ ಕಿತ್ತರೂ ಕರ ತೂಕದ ಮೇಲೆ, ಕಿತ್ತ ಜಾಗದಲ್ಲೇ ಬೀಳಬೇಕು. ಖನಿಜ ಹಕ್ಕುಗಳ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆಯೆಂದು 2024ರ ಜುಲೈ 25ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಹೇಳಿದೆ. ರಾಜ್ಯ ಇನ್ನು ದೆಹಲಿಯತ್ತ ಬೆರಳು ತೋರಿಸಿ ಕೂರುವಂತಿಲ್ಲ. ಯಾವ ಸೆಸ್ಸಿಗೂ ಐದು ವರ್ಷದ ಆಯುಸ್ಸು ಸಾಕು. ಅದನ್ನು ದಾಟಿದ್ದು ತಾನೇತಾನಾಗಿ ಹಂಚಿಕೆಯ ಬುಟ್ಟಿಗೆ ಬೀಳುವಂತೆ ಕಾನೂನಾಗಬೇಕು. ನಿಧಿಗೆ ಸೇರದ ಹಣವನ್ನು ಎತ್ತಲು ಸಂಸತ್ತು ಮತ್ತೆ ಅನುಮತಿ ಕೊಡಬಾರದು. ಸಣ್ಣ ಹಿಡುವಳಿದಾರ ಗೊಬ್ಬರ, ಪೈಪು, ಪಂಪುಗಳಿಗೆ ತೆತ್ತ ಜಿಎಸ್‌ಟಿಯನ್ನು ಪಹಣಿಯ ವಿಸ್ತೀರ್ಣಕ್ಕೆ ತಕ್ಕಂತೆ ಮರಳಿಸುವುದು ಗಣಕಯಂತ್ರಗಳ ಈ ಕಾಲದಲ್ಲಿ ಅಸಾಧ್ಯವಲ್ಲ. ಪಹಣಿ ಇಲ್ಲದ ಗೇಣಿದಾರ, ಅರಣ್ಯ ಭೂಮಿ ಸಾಗುವಳಿದಾರರ ಪ್ರಶ್ನೆ ಕಠಿಣ. ಅವರನ್ನು ಗ್ರಾಮಸಭೆಯ ಪಟ್ಟಿಯಿಂದಲೇ ಗುರುತಿಸಬೇಕಾದೀತು. ಹುಲ್ಲುಗಾವಲು, ಬೆಟ್ಟ, ಜಡ್ಡಿಗಳನ್ನೂ ಎಣಿಸುವ ಅಳತೆಗೋಲಿನಿಂದ ಬಂದ ಕಾಡಿನ ಪಾಲಿನಲ್ಲಿ ಅರ್ಧವಾದರೂ ನೇರವಾಗಿ ಆಯಾ ಪಂಚಾಯತಿಗೆ ತಲುಪಬೇಕು.

ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರರಲ್ಲೊಂದು ತೂಕ, ಎಲ್ಲ ರಾಜ್ಯಗಳಿಗೂ ಸೇರಿ ಮೂರರಲ್ಲೆರಡು. ನಿರ್ಣಯಕ್ಕೆ ಬೇಕಾದದ್ದು ನಾಲ್ಕರಲ್ಲಿ ಮೂರು. ಕೇಂದ್ರ ಒಂಟಿಯಾಗಿ ಏನನ್ನೂ ಮಾಡಲಾರದು. ಮಂಡಳಿಯ ಶಿಫಾರಸುಗಳು ಕಡ್ಡಾಯವಲ್ಲವೆಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಉಂಟು. ಕರ್ನಾಟಕದ ಪ್ರತಿನಿಧಿ ಆ ಮಂಡಳಿಯಲ್ಲಿ ಕೂತಾಗ ಅವರ ಕೈಯಲ್ಲಿ ಘಟ್ಟದ ಹಳ್ಳಿಗಳ ಗ್ರಾಮಸಭೆಗಳ ಠರಾವುಗಳಿರಬೇಕು. ಠರಾವಿನಲ್ಲಿ ಎರಡು ಸಾಲು ಸಾಕು: ಕಲ್ಲಿದ್ದಲಿನ ಕರವನ್ನು ಮತ್ತೆ ತೂಕಕ್ಕೆ ಹಾಕಿರಿ, 2010ರಿಂದ ಪರಿಸರದ ಹೆಸರಿನಲ್ಲಿ ಎತ್ತಿದ 86,440 ಕೋಟಿಯಲ್ಲಿ ನಿಧಿಗೆ ಸೇರದ ಸುಮಾರು 56,800 ಕೋಟಿಯ ಲೆಕ್ಕವನ್ನು ಊರಿನ ಭಾಷೆಯಲ್ಲಿ ಕೊಡಿರಿ. ಮುಂದಿನ ಗ್ರಾಮಸಭೆಯ ದಿನಾಂಕವನ್ನು ಪಂಚಾಯತಿ ಕಚೇರಿಯ ಫಲಕದಲ್ಲಿ ನೋಡಿ, ವಿದ್ಯಾರ್ಥಿಗಳು ಠರಾವಿನ ಕರಡನ್ನು ಮೊದಲೇ ಬರೆದು ಕಾರ್ಯದರ್ಶಿಯವರ ಕೈಗೆ ಕೊಟ್ಟು ಸ್ವೀಕೃತಿ ಪಡೆಯುವುದು ಒಳ್ಳೆಯದು.